ಬಲಕ್ಕೆ ಬಾಗುವ ಚೆಂಡು: ತೀರ್ಥಹಳ್ಳಿಯ ಒಂದು ಗಾಲ್ಫ್ ಪ್ರಕರಣ

ನನ್ನ ಭಾವನಿಗೆ 54 ವರ್ಷ. ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ ಅಡಿಕೆ ತೋಟ. ಬಲಗೈ ಆಟಗಾರರು. ಗಾಲ್ಫ್ ಶುರು ಮಾಡಿ ಮೂರು ವರ್ಷ ಆಗಿತ್ತು. ಅವರ ತೊಂದರೆ ಒಂದೇ. ಡ್ರೈವರ್, ಅಂದರೆ ದೂರ ಹೊಡೆಯುವ ಉದ್ದ ಕೋಲು, ಹಿಡಿದು ಹೊಡೆದರೆ ಚೆಂಡು ಎಡಕ್ಕೆ ಹೊರಡುತ್ತಿತ್ತು, ಅರ್ಧ ದಾರಿಯಲ್ಲಿ ಬಲಕ್ಕೆ ಬಾಗುತ್ತಿತ್ತು, ಕೊನೆಗೆ ಬಲಗಡೆಯ ಗಿಡಗಳ ಒಳಗೆ ಹೋಗಿ ಬೀಳುತ್ತಿತ್ತು. ಇದಕ್ಕೆ ಸ್ಲೈಸ್ ಅಂತಾರೆ. ಬೇರೆಯವರಿಂದ ಸರಿಯಾಗಿ ಕಲಿಯದೆ ತಾವೇ ಆಡುತ್ತಾ ಬಂದವರಲ್ಲಿ ಇದು ತುಂಬಾ ಜಾಸ್ತಿ.

ನಾನು ಶಿವಮೊಗ್ಗದವನು. ಬೆಂಗಳೂರಿನಲ್ಲಿ 14 ವರ್ಷ ಗಾಲ್ಫ್ ಕಲಿಸಿ ಊರಿಗೆ ವಾಪಸ್ ಬಂದೆ. ಸ್ಲೈಸ್ ಸರಿ ಮಾಡುವುದು ನನಗೆ ಹೊಸದಲ್ಲ. ಆದರೂ ಭಾವನ ವಿಷಯದಲ್ಲಿ ನಾನು ತಪ್ಪು ಕಡೆಯಿಂದ ಶುರು ಮಾಡಿದೆ. ಆರು ವಾರ ಹಾಳಾಯಿತು. ಆ ಆರು ವಾರ ಏಕೆ ಹಾಳಾಯಿತು, ಆಮೇಲೆ ಏನು ಬದಲಾಯಿತು ಅನ್ನುವುದನ್ನು ಬರೆದಿಟ್ಟರೆ ಇದೇ ತೊಂದರೆ ಇರುವ ಇನ್ನೊಬ್ಬರಿಗೆ ಉಪಯೋಗ ಆಗುತ್ತದೆ.

ಮೊದಲು ಅವರಿಗೆ ಈ ಆಟ ಹತ್ತಿದ್ದು ಹೇಗೆ ಅಂತ ಹೇಳಬೇಕು. 2021ರ ಆಗಸ್ಟ್ 7. ಆಶ್ಲೇಷಾ ಮಳೆ ಹೊಯ್ಯುತ್ತಿದ್ದ ಕಾಲ. ಔಷಧಿ ಹೊಡೆಯಲು ಆಗದೆ ಮನೆಯಲ್ಲೇ ಕೂತಿದ್ದರು. ಟಿವಿಯಲ್ಲಿ ಟೋಕಿಯೊ ಒಲಿಂಪಿಕ್ಸ್. ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ಸುತ್ತು ಆಡುತ್ತಿದ್ದರು. ಆ ದಿನ ಅವರು ನಾಲ್ಕನೆಯವರಾದರು. ಕಂಚು ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಭಾವ ಅದುವರೆಗೆ ಗಾಲ್ಫ್ ನೋಡಿದವರೇ ಅಲ್ಲ. ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಉಳಿದವರೆಲ್ಲ ಅಷ್ಟು ದೂರ ಹೊಡೀತಾರೆ, ಈ ಹುಡುಗಿ ಅಷ್ಟು ದೂರ ಹೊಡೆಯದೆನೇ ಹೇಗೆ ಮಾರಾಯ ಸರಿಸಮ ನಿಂತಳು?" ಒಳ್ಳೆಯ ಪ್ರಶ್ನೆ. ಆದರೆ ಆಟಕ್ಕೆ ಇಳಿದ ಮೇಲೆ ಅವರು ಹಿಡಿದದ್ದು ಡ್ರೈವರನ್ನು, ಬೆನ್ನು ಹತ್ತಿದ್ದು ದೂರವನ್ನು.

ಆಡಲು ಅವರು ಹೋಗುವುದು ಚಿಕ್ಕಮಗಳೂರಿಗೆ. ಕೊಪ್ಪ, ಬಾಳೆಹೊನ್ನೂರು, ಆಲ್ದೂರು ಹಾದು ಮೂರು ತಾಸಿನ ಹತ್ತಿರ ಆಗುತ್ತದೆ. ಹಾಗಾಗಿ ತಿಂಗಳಿಗೆ ಒಂದೋ ಎರಡೋ ಸಲ. ಅಷ್ಟು ದೂರ ಹೋಗಿ ಚೆಂಡು ಹುಡುಕುತ್ತಾ ಬೆಳಗು ಕಳೆದರೆ ಯಾರಿಗಾದರೂ ಬೇಜಾರಾಗುತ್ತೆ ಅಲ್ವಾ? ಮಾರ್ಚ್ ಕೊನೆಯಲ್ಲಿ, ಕೊಯ್ಲು ಸುಲಿತ ಎಲ್ಲ ಮುಗಿದ ಮೇಲೆ, "ನೀನೇ ಬಂದು ನೋಡು" ಅಂದರು.

ಜೊತೆಗೆ ಹೋಗಿ 20 ಚೆಂಡು ಹೊಡೆಸಿದೆ. 10 ನೈನ್ ಐರನ್ ಅನ್ನುವ ಗಿಡ್ಡ ಕೋಲಿನಲ್ಲಿ, 10 ಡ್ರೈವರಿನಲ್ಲಿ. ನಾನು ಏನೂ ಹೇಳಲಿಲ್ಲ, ಸುಮ್ನೆ ನೋಡಿ ಬರೆದುಕೊಂಡೆ. ನೈನ್ ಐರನ್‌ನ ಚೆಂಡುಗಳು ಹೆಚ್ಚಿನವು ಸೀದಾ ಎಡಕ್ಕೆ ಹೋದವು, ಬಾಗಲಿಲ್ಲ. ಡ್ರೈವರಿನವು ಎಡಕ್ಕೆ ಹೊರಟು ಬಲಕ್ಕೆ ಬಾಗಿದವು. ಭಾವನ ಲೆಕ್ಕದಲ್ಲಿ ಇವು ಎರಡು ಬೇರೆ ಬೇರೆ ಕಾಯಿಲೆ. ಸಣ್ಣ ಕೋಲಿಗೆ ಒಂದು ಥರ, ದೊಡ್ಡ ಕೋಲಿಗೆ ಇನ್ನೊಂದು ಥರ ನಿಲ್ಲುತ್ತಿದ್ದರು. ನಿಜವಾಗಿ ಅದು ಒಂದೇ ಕಾಯಿಲೆ.

ಇಲ್ಲಿ ಚೆಂಡು ಹಾರುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಇದು ಗೊತ್ತಿಲ್ಲದೆ ಸ್ವಿಂಗ್, ಅಂದರೆ ಬೀಸುವ ರೀತಿ, ತಿದ್ದಲು ಹೋದರೆ ಕತ್ತಲಲ್ಲಿ ತಡಕಾಡಿದ ಹಾಗೆ. ಕ್ಲಬ್ಬು, ಅಂದರೆ ಹೊಡೆಯುವ ಕೋಲು, ಚೆಂಡಿಗೆ ತಾಗಿಕೊಂಡಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು ಹೊತ್ತು ಮಾತ್ರ. ಆ ಗಳಿಗೆಯಲ್ಲಿ ಎರಡು ಸಂಗತಿ ನೋಡಬೇಕು. ಕ್ಲಬ್ಬಿನ ಮುಖ, ಅಂದರೆ ಚೆಂಡಿಗೆ ತಾಗುವ ಚಪ್ಪಟೆ ಭಾಗ, ಯಾವ ಕಡೆ ನೋಡುತ್ತಿದೆ? ಕ್ಲಬ್ಬು ಯಾವ ದಾರಿಯಲ್ಲಿ ಬೀಸಿ ಬರುತ್ತಿದೆ? ಚೆಂಡು ಹೊರಡುವ ದಿಕ್ಕು ಬಹುಪಾಲು ಮುಖದ್ದು. ಬಾಗುವುದು ಮಾತ್ರ ಮುಖಕ್ಕೂ ದಾರಿಗೂ ನಡುವೆ ಇರುವ ವ್ಯತ್ಯಾಸದಿಂದ. ಹಿಂದೆ ಇದನ್ನು ಉಲ್ಟಾ ಕಲಿಸುತ್ತಿದ್ದರು: ದಾರಿಯ ಕಡೆ ಚೆಂಡು ಹೊರಡುತ್ತದೆ, ಮುಖದ ಕಡೆ ಬಾಗುತ್ತದೆ ಅಂತ. ರೇಡಾರ್ ಇಟ್ಟು ಅಳೆಯಲು ಶುರು ಮಾಡಿದ ಮೇಲೆ ಆ ಪಾಠ ಬದಲಾಯಿತು.

ಇದನ್ನು ಭಾವನಿಗೆ ಹಚ್ಚಿ ನೋಡಿ. ಚೆಂಡು ಎಡಕ್ಕೆ ಹೊರಟಿತು ಅಂದರೆ ಮುಖ ಗುರಿಗಿಂತ ಸ್ವಲ್ಪ ಎಡಕ್ಕೆ ಇತ್ತು. ಬಲಕ್ಕೆ ಬಾಗಿತು ಅಂದರೆ ಬೀಸಿದ ದಾರಿ ಅದಕ್ಕಿಂತಲೂ ಎಡಕ್ಕೆ ಇತ್ತು. ಅಂದರೆ ಕ್ಲಬ್ಬು ಹೊರಗಿನಿಂದ ಒಳಕ್ಕೆ ಅಡ್ಡವಾಗಿ ಕೊಯ್ದುಕೊಂಡು ಬರುತ್ತಿದೆ, ಆ ದಾರಿಗೆ ಹೋಲಿಸಿದರೆ ಮುಖ ತೆರೆದುಕೊಂಡಿದೆ, ಅಂದರೆ ಬಲಕ್ಕೆ ತಿರುಗಿದೆ. ನೈನ್ ಐರನ್‌ನಲ್ಲೂ ಇದೇ ನಡೆಯುತ್ತಿತ್ತು. ಆದರೆ ಅದರ ಮುಖ 40 ಡಿಗ್ರಿಗೂ ಜಾಸ್ತಿ ಓರೆ. ಚೆಂಡಿಗೆ ಹಿಮ್ಮುಖ ತಿರುಗು ಎಷ್ಟು ಬಲವಾಗಿ ಸಿಗುತ್ತದೆ ಅಂದರೆ ಪಕ್ಕಕ್ಕೆ ಬಾಗುವುದು ಅಷ್ಟಾಗಿ ಕಾಣುವುದಿಲ್ಲ. ಡ್ರೈವರಿನ ಓರೆ 10 ಡಿಗ್ರಿ ಆಸುಪಾಸು. ಅಲ್ಲಿ ತಪ್ಪು ಮುಚ್ಚಿಡಲು ಜಾಗ ಇಲ್ಲ.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಅಕ್ಕ ಶಾಲೆಯಲ್ಲಿ ಟೀಚರ್. ಅವಳ ಬ್ಯಾಗಿನಿಂದ ಸೀಮೆಸುಣ್ಣ ತೆಗೆದುಕೊಂಡು ಡ್ರೈವರಿನ ಮುಖಕ್ಕೆ ಉಜ್ಜಿದೆ. ಚೆಂಡು ತಾಗಿದ ಗುರುತು ನಡುವೆ ಇರಲಿಲ್ಲ, ಕೋಲು ಸೇರುವ ಬದಿಯಲ್ಲಿತ್ತು. ಡ್ರೈವರಿನಲ್ಲಿ ಆ ಬದಿಗೆ ತಾಗಿದರೆ ಚೆಂಡಿಗೆ ಬಲಕ್ಕೆ ಬಾಗುವ ತಿರುಗು ಮತ್ತಷ್ಟು ಸೇರುತ್ತದೆ. ಮೊದಲೇ ಬಾಗುವ ಚೆಂಡಿಗೆ ಇದು ಇನ್ನೊಂದು ತಳ್ಳು.

ನಿಲ್ಲುವ ರೀತಿ ನೋಡಲು ನೆಲದ ಮೇಲೆ ಎರಡು ಅಡಿಕೆ ದಬ್ಬೆ ಇಟ್ಟೆ. ಒಂದು ಗುರಿಯ ಕಡೆಗೆ, ಇನ್ನೊಂದು ಅವರ ಪಾದದ ತುದಿಗೆ ಒತ್ತಿ. ಎರಡೂ ಸಮಾನಾಂತರ ಇರಬೇಕಿತ್ತು. ಪಾದದ ದಬ್ಬೆ ಎಲ್ಲೋ ಎಡಗಡೆ ಬೇಲಿ ನೋಡುತ್ತಿತ್ತು. ಭಾವನಿಗೆ ನಂಬಲಿಕ್ಕೇ ಆಗಲಿಲ್ಲ. "ಬಲಕ್ಕೆ ಹೋಗ್ತದೆ ಅಂತ ಗೊತ್ತಲ್ಲ ಮಾರಾಯ, ಅದಕ್ಕೇ ಸ್ವಲ್ಪ ಎಡಕ್ಕೆ ತಿರುಗಿ ನಿಲ್ತೀನಿ" ಅಂದರು. ಗಂಟು ಇದ್ದದ್ದು ಅಲ್ಲೇ. ಎಡಕ್ಕೆ ತಿರುಗಿ ನಿಂತಷ್ಟೂ ಬೀಸುವ ದಾರಿ ಎಡಕ್ಕೆ ಹೋಗುತ್ತದೆ. ದಾರಿ ಎಡಕ್ಕೆ ಹೋದಷ್ಟೂ ಚೆಂಡು ಬಲಕ್ಕೆ ಬಾಗುತ್ತದೆ. ಚೆಂಡು ಬಾಗಿದಷ್ಟೂ ಮನುಷ್ಯ ಇನ್ನೂ ಎಡಕ್ಕೆ ತಿರುಗುತ್ತಾನೆ. ಮೂರು ವರ್ಷ ಇದೇ ನಡೆದಿತ್ತು.

ಇದರ ಮಧ್ಯೆ ಅವರು ಬೇರೆಯವರ ಮಾತೂ ಕೇಳಿದ್ದರು. ಜೊತೆ ಆಡುವವರೊಬ್ಬರು ತಲೆ ಎತ್ತಬೇಡಿ ಅಂದಿದ್ದರು. ಇನ್ನೊಬ್ಬರು ಹೊಸ ಡ್ರೈವರ್ ಕೊಡಿಸಿದ್ದರು. ದುಡ್ಡು ಹೋಯಿತು, ಚೆಂಡು ಮಾತ್ರ ಅದೇ ಗಿಡಗಳೊಳಗೆ ಹೋಯಿತು.

ಈಗ ನನ್ನ ತಪ್ಪು. ದಾರಿ ಕೆಟ್ಟಿದೆ ಅಂತ ಕಣ್ಣಿಗೇ ಕಾಣುತ್ತಿತ್ತು. ಅವರು ಕ್ಲಬ್ ಮೇಲಿಂದ ಇಳಿಸುವಾಗ ಮೊದಲು ಅಲುಗುತ್ತಿದ್ದದ್ದು ಬಲ ಹೆಗಲು. ಬೇಲಿ ಸವರುವಾಗ ಕತ್ತಿ ಬೀಸುತ್ತಾರಲ್ಲ, ಬಲ ಹೆಗಲಿನ ಮೇಲಿಂದ ಎಡ ಮೊಣಕಾಲಿನ ಕಡೆಗೆ, ಥೇಟ್ ಹಾಗೆ. 30 ವರ್ಷ ಆ ಕೈ ಮಾಡಿದ ಕೆಲಸ ಅದು. ಹಾಗಾಗಿ ನಾನು ನೇರವಾಗಿ ದಾರಿಗೇ ಕೈ ಹಾಕಿದೆ. ಸೊಂಟ ಮೊದಲು ತಿರುಗಿಸಿ, ಬಲ ಮೊಣಕೈ ಪಕ್ಕೆಗೆ ತನ್ನಿ, ಹೆಗಲು ತಡೆದು ಹಿಡಿಯಿರಿ. ಮೂರು ಮಾತು, ಮೂರೂ ಒಂದೇ ದಿನ. ಮೂರೂ ಸರಿಯಾದ ಮಾತುಗಳೇ. ಆದರೆ ಒಳಗಿನಿಂದ ಬೀಸಲು ಹೋದಾಗ ತೆರೆದ ಮುಖ ತೆರೆದೇ ಇತ್ತು. ಚೆಂಡು ಹೊರಡುವಾಗಲೇ ಬಲಕ್ಕೆ ಹೋಯಿತು. ಅದನ್ನು ಕಂಡ ಕೂಡಲೇ ಅವರ ಕೈ ತಾನಾಗಿ ಹಳೇ ದಾರಿಗೆ ಓಡುತ್ತಿತ್ತು. ಕೆಲವು ಸಲ ಚೆಂಡಿನ ನೆತ್ತಿಗೆ ತಾಗುತ್ತಿತ್ತು, ಕೆಲವು ಸಲ ನೆಲ ಅಗೆಯುತ್ತಿತ್ತು. ಆರನೇ ವಾರ ಅವರು ಕ್ಲಬ್ ಚೀಲದೊಳಗೆ ಇಟ್ಟು, "ಇವತ್ತಿಗೆ ಸಾಕು" ಅಂತ ಎದ್ದು ಹೋದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬರೆದಿಟ್ಟ ಹಾಳೆ ತೆಗೆದು ಮತ್ತೆ ಓದಿದೆ.

ಆಗ ಹೊಳೆದದ್ದು ಇಷ್ಟು. ಆಟಗಾರ ಸ್ವಿಂಗ್ ತಿದ್ದಿಕೊಳ್ಳುವುದು ನನ್ನ ಮಾತು ಕೇಳಿ ಅಲ್ಲ, ಚೆಂಡು ಹೋದ ದಾರಿ ನೋಡಿ. ಮುಖ ತೆರೆದಿರುವ ತನಕ, ಚೆಂಡನ್ನು ಮೈದಾನದೊಳಗೆ ಇಟ್ಟುಕೊಳ್ಳಲು ಅವರಿಗೆ ಎಡಕ್ಕೆ ಬೀಸದೆ ಬೇರೆ ದಾರಿಯೇ ಇಲ್ಲ. ಆ ಅಡ್ಡ ಬೀಸು ಕೆಟ್ಟ ಚಟ ಅಲ್ಲ, ತೆರೆದ ಮುಖಕ್ಕೆ ಅವರ ಮೈ ಕಂಡುಕೊಂಡ ಉಪಾಯ. ಉಪಾಯ ಕಿತ್ತುಕೊಂಡು ಕಾರಣ ಹಾಗೇ ಬಿಟ್ಟರೆ ಯಾರಾದರೂ ಸೋಲುತ್ತಾರೆ. ಮೊದಲು ಮುಖ ಮುಚ್ಚಬೇಕು, ಅಂದರೆ ಎಡಕ್ಕೆ ತಿರುಗಿಸಬೇಕು. ಮುಖ ಇರುವುದು ಕೈ ಹಿಡಿತದಲ್ಲಿ.

ಅವರ ಹಿಡಿತ ನೋಡಿ. ಎಡಗೈಯಲ್ಲಿ ಕ್ಲಬ್ಬನ್ನು ಅಂಗೈ ನಡುವೆ ಮುಷ್ಟಿ ಕಟ್ಟಿ ಹಿಡಿಯುತ್ತಿದ್ದರು. ಕತ್ತಿಯ ಹಿಡಿ ಹಿಡಿದ ಹಾಗೆ, ಬಿಗಿಯಾಗಿ. ಹೆಬ್ಬೆರಳು ಹಿಡಿಯ ಮೇಲೆ ನೇರಕ್ಕೆ. ಮೇಲಿಂದ ನೋಡಿದರೆ ಎಡಗೈ ಬೆರಳಿನ ಬುಡದ ಗೆಣ್ಣು ಒಂದೇ ಕಾಣುತ್ತಿತ್ತು. ಹೀಗೆ ಹಿಡಿದರೆ ಬೀಸುವ ವೇಗದಲ್ಲಿ ಕ್ಲಬ್ಬಿನ ಮುಖ ಹೊತ್ತಿಗೆ ಸರಿಯಾಗಿ ಮುಚ್ಚುವುದು ಕಷ್ಟ.

ಬದಲಾಯಿಸಿದ್ದು ಹೀಗೆ. ಹಿಡಿಯನ್ನು ಅಂಗೈಯಿಂದ ತೆಗೆದು ಎಡಗೈ ಬೆರಳುಗಳ ಬುಡಕ್ಕೆ ತಂದೆವು. ಅಂಗೈಯ ದಪ್ಪ ಭಾಗ ಮೇಲಿಂದ ಕೂರಬೇಕು. ಕೈಯನ್ನು ಸ್ವಲ್ಪ ಬಲಕ್ಕೆ ಹೊರಳಿಸಿ, ಮೇಲಿಂದ ನೋಡಿದಾಗ ಎರಡು ಗೆಣ್ಣು ಪೂರ್ತಿ, ಮೂರನೆಯದು ಅರ್ಧ ಕಾಣುವ ಹಾಗೆ ಮಾಡಿದೆವು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಗೆರೆ ಬಲ ಹೆಗಲಿನ ಕಡೆ ತೋರಿಸಬೇಕು. ಬಲಗೈ ಬಂದು ಎಡ ಹೆಬ್ಬೆರಳನ್ನು ಅಂಗೈಯಿಂದ ಮುಚ್ಚಬೇಕು, ಅದರ ಗೆರೆಯೂ ಅದೇ ಹೆಗಲಿನ ಕಡೆ.

ಬಿಗಿ ಎಷ್ಟಿರಬೇಕು ಅನ್ನುವುದನ್ನು ಹೇಳಿ ಕೊಡುವುದು ಕಷ್ಟ. ಅದನ್ನು ಅವರೇ ಕಂಡುಕೊಂಡರು. ಮನೆಯಲ್ಲಿ ಕಾರ್ಬನ್ ಫೈಬರಿನ ದೋಟಿ ಇದೆ, ನೆಲದ ಮೇಲೆ ನಿಂತೇ ಅಡಿಕೆ ಗೊನೆ ಕೊಯ್ಯುವುದು. ಡ್ರೈವರಿನ ಕೋಲೂ ಅದೇ ಜಾತಿಯ ವಸ್ತು, ಅದೇ ಥರ ಬಳುಕುತ್ತದೆ. "ದೋಟಿ ಬಿಗಿ ಹಿಡಿದರೆ ತುದಿಯಲ್ಲಿ ಕತ್ತಿ ಎಲ್ಲಿ ಕೂತಿದೆ ಅಂತ ಕೈಗೆ ಗೊತ್ತಾಗೋದಿಲ್ಲ. ಹಾಗೇ ಅಲ್ವಾ ಇದು?" ಅಂದರು. ಹೌದು, ಹಾಗೇ. ಅವತ್ತಿನಿಂದ ಆ ವಿಷಯ ನಾನು ಮತ್ತೆ ಎತ್ತಬೇಕಾಗಲಿಲ್ಲ.

ಮೊದಲ ಹತ್ತು ದಿನ ಚೆಂಡೇ ಇಲ್ಲ. ರಾತ್ರಿ ಟಿವಿ ನೋಡುತ್ತಾ ಕ್ಲಬ್ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಹೊಸ ಹಿಡಿತ ಎಲ್ಲರಿಗೂ ಪರರ ಕೈ ಅನ್ನಿಸುತ್ತದೆ. ಹಾಗೆ ಅನ್ನಿಸದಿದ್ದರೆ ಕೈ ಹಳೇ ಜಾಗಕ್ಕೇ ಜಾರಿದೆ ಅಂತ ಅರ್ಥ.

ಮೇ ತಿಂಗಳಲ್ಲಿ, ಖಾಲಿ ಗದ್ದೆಯಲ್ಲಿ ನಿಂತು ಚೆಂಡು ಹೊಡೆಸಿದೆ. ಚೆಂಡು ಎಡಕ್ಕೆ ಹೊರಟು ಇನ್ನೂ ಎಡಕ್ಕೆ ಬಾಗಿ ಪಕ್ಕದವರ ತೋಟದೊಳಗೆ ಹೋಯಿತು. ಎರಡನೆಯದೂ ಅಷ್ಟೇ, ಮೂರನೆಯದೂ ಅಷ್ಟೇ. ಭಾವನ ಮುಖ ಸಣ್ಣದಾಯಿತು. "ಇದಕ್ಕಿಂತ ಮೊದಲಿಂದೇ ವಾಸಿ ಇತ್ತಲ್ಲ" ಅಂದರು. ನನಗೆ ಮಾತ್ರ ಒಳಗೊಳಗೇ ಸಮಾಧಾನ. ಕ್ಲಬ್ಬಿನ ಮುಖ ಮುಚ್ಚಿತ್ತು. ದಾರಿ ಇನ್ನೂ ಹಳೆಯದೇ. ಇನ್ನು ಮೇಲೆ ಎಡಕ್ಕೆ ಬೀಸಿದರೆ ಚೆಂಡು ಎಡಕ್ಕೇ ಹೋಗಿ ಕಳೆಯುತ್ತದೆ, ಬಲಕ್ಕೆ ಬಾಗಿ ವಾಪಸ್ ಬರುವುದಿಲ್ಲ. ಅಂದರೆ ಅಡ್ಡ ಬೀಸಲು ಅವರ ಮೈಗೆ ಕಾರಣವೇ ಉಳಿಯಲಿಲ್ಲ. "ಭಾವ, ಹಿಡಿತ ಮಾತ್ರ ಬದಲಿಸಬೇಡಿ. ಚೆಂಡು ಬೇಲಿ ದಾಟಲಿ ಪರವಾಗಿಲ್ಲ" ಅಂದೆ. ಮೊದಲ ಸಲ ಹೇಳಬೇಕಿದ್ದ ಮಾತು ಇದು. ಎರಡು ವಾರದೊಳಗೆ ಬೀಸುವ ದಾರಿ ಅರ್ಧದಷ್ಟು ತಾನಾಗಿಯೇ ಬಲಕ್ಕೆ ಸರಿಯಿತು. ಸೊಂಟ, ಮೊಣಕೈ ಅಂತ ನಾನು ಒಂದು ಮಾತೂ ಆಡಿರಲಿಲ್ಲ.

ಉಳಿದ ಅರ್ಧಕ್ಕೆ ಮಳೆಗಾಲ ಬೇಕಾಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಹೊರಗೆ ಆಡುವ ಮಾತೇ ಇಲ್ಲ. ಅಡಿಕೆ ಸುಲಿಯುವ ಶೆಡ್ ಖಾಲಿ ಇತ್ತು, ಮಾಡು ಎತ್ತರ. ಹಿಂದೆ ದಪ್ಪ ಬಲೆ ಕಟ್ಟಿ, ತೂತಿರುವ ಪ್ಲಾಸ್ಟಿಕ್ ಚೆಂಡು ತಂದೆವು. ಒಳಗೆ ನಿಜವಾದ ಚೆಂಡು ಬೇಡ ಅಂತ ನಾನು ಗಟ್ಟಿಯಾಗಿ ಹೇಳಿದ್ದೆ. 45 ಗ್ರಾಂ ಗಟ್ಟಿ ಚೆಂಡು ಕಂಬಕ್ಕೆ ಹೊಡೆದು ವಾಪಸ್ ಬಂದರೆ ಕಣ್ಣು ಹೋಗುತ್ತದೆ. ಮೊಮ್ಮಕ್ಕಳು ಓಡಾಡುವ ಮನೆ ಅದು.

ಅಲ್ಲಿ ಮಾಡಿಸಿದ್ದು ಮುಖ್ಯವಾಗಿ ಎರಡು. ಒಂದು, ಅಡಿಕೆ ಹಾಳೆ ಇಟ್ಟು ಹೊಡೆಯುವುದು. ಚೆಂಡಿಗಿಂತ ಒಂದು ಅಡಿ ಹಿಂದೆ, ಚೆಂಡಿನ ಆಚೆ ಬದಿಗೆ ನಾಲ್ಕು ಬೆರಳು ಬಿಟ್ಟು ಒಂದು ಒಣ ಹಾಳೆ ನಿಲ್ಲಿಸುವುದು. ಹೊರಗಿನಿಂದ ಅಡ್ಡ ಬೀಸಿದರೆ ಕ್ಲಬ್ಬು ಹಾಳೆಗೆ ತಾಗಿ ಚಟ್ ಅನ್ನುತ್ತದೆ. ಕೈಗೆ ಪೆಟ್ಟಿಲ್ಲ, ಕ್ಲಬ್ಬಿಗೆ ಗೀರಿಲ್ಲ, ತಪ್ಪು ಮಾತ್ರ ಕೂಡಲೇ ಕಿವಿಗೆ ಬೀಳುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಖಾಲಿ ರಟ್ಟಿನ ಡಬ್ಬ ಇಡುತ್ತಿದ್ದೆ. ಹಾಳೆಯೇ ಒಳ್ಳೆಯದು, ಸದ್ದು ಚೆನ್ನಾಗಿದೆ.

ಎರಡನೆಯದು ಹೆಜ್ಜೆ. ಕ್ಲಬ್ ಇಳಿಸುವ ಕೆಲಸ ನೆಲದಿಂದ ಶುರುವಾಗಬೇಕು. ಭಾರ ಎಡಗಾಲಿಗೆ, ಆಮೇಲೆ ಸೊಂಟ, ಎದೆ, ತೋಳು, ಕೊನೆಗೆ ಕ್ಲಬ್ಬು. ಮಾತಿನಲ್ಲಿ ಹೇಳಿದಾಗ ಅವರಿಗೆ ಹತ್ತಿರಲಿಲ್ಲ. ಈ ಸಲ ಎರಡೂ ಪಾದ ಜೋಡಿಸಿ ನಿಲ್ಲಿಸಿದೆ. ಕ್ಲಬ್ಬು ಮೇಲೆ ಹೋಗಿ ಮುಗಿಯುವ ಮೊದಲೇ ಎಡಗಾಲನ್ನು ಗುರಿಯ ಕಡೆ ಒಂದು ಹೆಜ್ಜೆ ಇಟ್ಟು, ಆಮೇಲೆ ಬೀಸುವುದು. ಭಾವ ಪ್ರಾಯದಲ್ಲಿ ಟೆನಿಸ್ ಬಾಲ್ ಕ್ರಿಕೆಟಿನಲ್ಲಿ ಓಪನರ್. ಮುಂಗಾಲು ಹಾಕಿ ಹೊಡೆಯುವುದು ಮೈಯೊಳಗೇ ಇತ್ತು. ಎರಡನೇ ದಿನಕ್ಕೇ ಸೊಂಟ ಮುಂದೆ, ಹೆಗಲು ಹಿಂದೆ ಬಂತು. ಆರು ವಾರ ನಾನು ಬಾಯಲ್ಲಿ ಹೇಳಿ ಸೋತದ್ದನ್ನು ಅವರ ಹಳೇ ಆಟ ಎರಡು ದಿನದಲ್ಲಿ ಮಾಡಿಕೊಟ್ಟಿತು.

ಲಯದ ಬಗ್ಗೆ ಒಂದು ಮಾತು. ಒಳ್ಳೆಯ ಆಟಗಾರರಲ್ಲಿ ಕ್ಲಬ್ ಮೇಲೆತ್ತಲು ಹಿಡಿಯುವ ಹೊತ್ತು, ಕೆಳಗಿಳಿಸುವ ಹೊತ್ತಿನ ಮೂರರಷ್ಟು ಇರುತ್ತದೆ. ಭಾವ ಎತ್ತುವಾಗಲೇ ಅವಸರ ಮಾಡುತ್ತಿದ್ದರು. "ಒಂದು, ಎರಡು, ಮೂರು" ಅಂತ ಎಣಿಸುತ್ತಾ ಎತ್ತಿ, ನಾಲ್ಕಕ್ಕೆ ತಾಗಿಸಿ ಅಂದೆ. ತಾಳಮದ್ದಲೆ ಕೇಳಿ ಬೆಳೆದವರು, ಲೆಕ್ಕ ತಪ್ಪಲಿಲ್ಲ.

ದಿನಕ್ಕೆ 20 ನಿಮಿಷ ಅಷ್ಟೇ. ಜಾಸ್ತಿ ಮಾಡಲು ನಾನೇ ಬಿಡಲಿಲ್ಲ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ದಿನಗಳಲ್ಲಿ ಅವರಿಗೆ ಸೊಂಟ ಹಿಡಿದುಕೊಂಡಿರುತ್ತದೆ. ಆ ದಿನ ಕ್ಲಬ್ ಮುಟ್ಟುವ ಹಾಗಿಲ್ಲ. ಎಡಗಡೆಗೆ ಮೈ ತಿರುಗುವುದು ಸ್ವಲ್ಪ ಕಡಿಮೆ ಅಂತ ಕುರ್ಚಿಯಲ್ಲಿ ಕೂರಿಸಿ ನೋಡಿದಾಗ ಗೊತ್ತಾಗಿತ್ತು. ಅದಕ್ಕೆ ಎಡ ಪಾದದ ತುದಿಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಿಲ್ಲಿಸಿದೆ. ಅಷ್ಟರಲ್ಲೇ ತಿರುಗುವುದು ಸಲೀಸಾಯಿತು. ಮೊದಲ ಎರಡು ತಿಂಗಳು ನೈನ್ ಐರನ್, ಅದೂ ಅರ್ಧ ಬೀಸು. ಆಗಸ್ಟ್ ಮಧ್ಯದಲ್ಲಿ ಡ್ರೈವರ್ ಕೈಗೆ ಕೊಟ್ಟೆ.

ನವರಾತ್ರಿ ಮುಗಿದ ವಾರ ಚಿಕ್ಕಮಗಳೂರಿಗೆ ಹೋದೆವು. ಬೆಳಗಿನ ಜಾವ ನಾಲ್ಕಕ್ಕೇ ಹೊರಟಿದ್ದೆವು. ದಾರಿಯುದ್ದಕ್ಕೂ ಭಾವ ಮಾತಾಡಲಿಲ್ಲ. 9 ಹೋಲ್, ಅಂದರೆ ಚೆಂಡು ಹಾಕುವ ಒಂಬತ್ತು ಕುಳಿ, ಆಡಿದೆವು, ಅದರಲ್ಲಿ 7 ಕಡೆ ಡ್ರೈವರ್ ಬೇಕಾಯಿತು. ಮಾರ್ಚ್‌ನಲ್ಲಿ ಇದೇ ಏಳರಲ್ಲಿ ಒಂದೇ ಒಂದು ಚೆಂಡು ಹುಲ್ಲಿನ ಮೇಲೆ ಉಳಿದಿತ್ತು. ಈ ಸಲ ನಾಲ್ಕು ಉಳಿದವು. ಒಂದು ಎಡಕ್ಕೆ ಹೋಯಿತು. ಎರಡು ಬಲಕ್ಕೆ ಬಾಗಿದವು, ಆದರೆ ಹುಡುಕಿದಾಗ ಸಿಕ್ಕವು. ಸೀಮೆಸುಣ್ಣದ ಗುರುತು ನಡುವಿಗೆ ಬಂದಿತ್ತು. ಹೆಜ್ಜೆ ಹಾಕಿ ಅಳೆದು ನೋಡಿದರೆ, ಚೆನ್ನಾಗಿ ತಾಗಿದ ಚೆಂಡು ಅದೇ ಹೋಲಿನಲ್ಲಿ ಮೊದಲಿಗಿಂತ ಸುಮಾರು 20 ಗಜ ಮುಂದೆ ಇತ್ತು. ಅವರು ಜೋರಾಗಿ ಹೊಡೆದಿರಲಿಲ್ಲ. ಬಾಗಿ ಹಾಳಾಗುತ್ತಿದ್ದ ಬಲವೇ ಈಗ ಮುಂದಕ್ಕೆ ಸಿಕ್ಕಿದ್ದು.

ಪೂರ್ತಿ ಸರಿಯಾಗಿದೆ ಅಂತ ನಾನು ಹೇಳುವುದಿಲ್ಲ. ಬಲಕ್ಕೆ ಬಾಗಿದ ಎರಡೂ ಚೆಂಡು ಕೊನೆಯ ಮೂರು ಹೋಲಿನಲ್ಲಿ, ಕಾಲು ಸೋತ ಮೇಲೆ ಬಂದವು. ಬಲಗಡೆ ಒತ್ತಾಗಿ ಮರ ಇದ್ದಲ್ಲಿ ಅವರ ಪಾದ ಈಗಲೂ ಗೊತ್ತಿಲ್ಲದೆ ಎಡಕ್ಕೆ ತಿರುಗುತ್ತದೆ. ಒಂದು ಕಡೆ ಅದನ್ನು ನೋಡಿಯೂ ನಾನು ಸುಮ್ಮನಿದ್ದೆ. ಚೆಂಡು ಎಡಕ್ಕೆ ಹೋಗಿ ಕಳೆದದ್ದು ಅಲ್ಲೇ. ಭಾವ ನನ್ನ ಕಡೆ ತಿರುಗಿ, "ನಿಂತದ್ದು ತಪ್ಪಾಯ್ತು ಅಲ್ವಾ?" ಅಂದರು. ತಪ್ಪು ಎಲ್ಲಿ ಅಂತ ಅವರೇ ಹೇಳಿದ್ದು ಮೂರು ವರ್ಷದಲ್ಲಿ ಅದೇ ಮೊದಲು.

ಈಗ ಅಡಿಕೆ ಗೊನೆ ಕೊಯ್ಲು ಶುರುವಾಗಿದೆ. ಶೆಡ್ ತುಂಬ ಅಡಿಕೆ, ಸುಲಿಯುವವರು ಬರುತ್ತಿದ್ದಾರೆ, ಬಲೆ ಬಿಚ್ಚಿ ಅಟ್ಟಕ್ಕೆ ಹಾಕಿದ್ದಾರೆ. ಫೆಬ್ರವರಿ ತನಕ ಕ್ಲಬ್ ಬೀಸುವುದಿಲ್ಲ. ರಾತ್ರಿ ಐದು ನಿಮಿಷ ಹಿಡಿತ ಮಾತ್ರ ಬಿಡಬೇಡಿ ಅಂದಿದ್ದೇನೆ. ಕೊಯ್ಲು ಮುಗಿದ ಮೇಲೆ ಪಟ್ಟಿಂಗ್, ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವುದು, ಶುರು ಮಾಡೋಣ ಅಂತ ಮಾತಾಗಿದೆ. ಅದನ್ನು ಕೇಳಿದ್ದು ಅವರೇ, ಅದಿತಿ ಅಶೋಕ್ ಪಟ್ ಹಾಕುವುದನ್ನು ಮತ್ತೆ ಕೂತು ನೋಡಿದ ಮೇಲೆ.